ಹಾರ್ಮೋನ್ ಡಾಕ್ಟರ್ ಹತ್ತಿರ ಯಾವಾಗ ಹೋಗಬೇಕು? ಓದುಗರ ಪ್ರಶ್ನೆ, ನರ್ಸಮ್ಮನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಥೈರಾಯ್ಡ್, ಶುಗರ್, ಮೂಳೆ ನೋವು, ಮಕ್ಕಳ ಬೆಳವಣಿಗೆ ಇವೇ ಜಾಸ್ತಿ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ಹಾರ್ಮೋನ್ ವಿಭಾಗದಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾದ ಮೇಲೆ ಕೋಲಾರದ ನಮ್ಮ ಮನೆಗೆ ಬಂದು ನೆಲೆಸಿದ್ದೇನೆ. ಯಾರ ಮಾತ್ರೆಯನ್ನೂ ಇಲ್ಲಿ ಕೂತು ಹೆಚ್ಚು ಕಡಿಮೆ ಮಾಡುವುದಿಲ್ಲ. ಯಾವ ಡಾಕ್ಟರನ್ನು ನೋಡಬೇಕು, ಏನು ತೆಗೆದುಕೊಂಡು ಹೋಗಬೇಕು, ವಾಪಸ್ ಬಂದ ಮೇಲೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದನ್ನು ಹೇಳಬಲ್ಲೆ.

ಪ್ರಶ್ನೆ: ಅಕ್ಕ, ನನಗೆ 34 ವರ್ಷ. ಸುಸ್ತು, ಕೂದಲು ಉದುರುತ್ತೆ ಅಂತ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿದೆ. ಟಿಎಸ್‌ಎಚ್ 14 ಬಂತು. 50 ಮೈಕ್ರೋಗ್ರಾಂ ಮಾತ್ರೆ ಕೊಟ್ಟರು. ಎರಡು ತಿಂಗಳಾದರೂ 11 ಇದೆ. ಬೆಂಗಳೂರಿಗೆ ಹೋಗಿ ಸ್ಪೆಷಲಿಸ್ಟ್‌ಗೆ ತೋರಿಸು ಅಂತ ನಾದಿನಿ ಒಂದೇ ಸಮ ಹೇಳುತ್ತಾಳೆ. ಮನೆಯಲ್ಲಿ ಹಸು, ರೇಷ್ಮೆ ಹುಳು ಎರಡೂ ಇವೆ. ಒಂದು ದಿನ ಬಿಟ್ಟು ಹೋಗುವುದೂ ಕಷ್ಟ. ಹೋಗಲೇಬೇಕಾ?
— ಒಬ್ಬ ಗೃಹಿಣಿ, ಶ್ರೀನಿವಾಸಪುರ ತಾಲ್ಲೂಕು

ಸದ್ಯಕ್ಕೆ ಬೇಡ ತಂಗಿ. ನಿಮ್ಮ ತಾಲ್ಲೂಕು ಡಾಕ್ಟರೇ ಇದನ್ನು ಸರಿ ಮಾಡಬಲ್ಲರು. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಮಿದುಳಿನ ಕಡೆಯಿಂದ ಬರುವ ಹಾರ್ಮೋನ್, ಥೈರಾಯ್ಡ್ ಕಡಿಮೆ ಇದ್ದರೆ ಅದು ಏರುತ್ತದೆ. 14ರಿಂದ 11ಕ್ಕೆ ಇಳಿದಿದೆ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಇನ್ನೂ ಇಳಿಯದೆ ಇರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಡೋಸ್ ಸಾಲದು. ಇನ್ನೊಂದು, ನುಂಗಿದ ಮಾತ್ರೆ ಮೈಗೆ ಹತ್ತುತ್ತಿಲ್ಲ. ಎರಡನೆಯದನ್ನು ನೀವೇ ಮನೆಯಲ್ಲಿ ನೋಡಿಕೊಳ್ಳಬಹುದು. ಅದನ್ನು ನೋಡದೆ ಡೋಸ್ ಏರಿಸುತ್ತಾ ಹೋದವರನ್ನು ನಮ್ಮ ವಿಭಾಗದಲ್ಲಿ ತುಂಬಾ ಕಂಡಿದ್ದೇನೆ.

ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಜೊತೆ ಮಾತ್ರೆ ಹಾಕಿಕೊಳ್ಳುತ್ತೀರಾ? ಹಾಗಿದ್ದರೆ ಅದನ್ನು ಇವತ್ತೇ ಬಿಡಿ. ಥೈರಾಯ್ಡ್ ಮಾತ್ರೆಗೆ ಬರೀ ಹೊಟ್ಟೆ, ಬರೀ ನೀರು ಬೇಕು. ಆಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆ ಏನೂ ತಿನ್ನಬಾರದು, ಕಾಫಿ ಟೀ ಕುಡಿಯಬಾರದು. ಹಸು ಇರುವ ಮನೆಗೆ ಇದು ಸುಲಭ. ಹಾಲು ಕರೆಯುವ ಮುಂಚೆ ಮಾತ್ರೆ ನುಂಗಿ ಹೋಗಿ. ಹಾಲು ಕರೆದು ಡೈರಿಗೆ ಹಾಕಿ ಬರುವಷ್ಟರಲ್ಲಿ ಹೊತ್ತು ಆಗಿರುತ್ತದೆ, ಬಂದು ಕಾಫಿ ಕುಡಿಯಿರಿ. ರಕ್ತದ ಮಾತ್ರೆಯನ್ನೋ ಕ್ಯಾಲ್ಸಿಯಂ ಮಾತ್ರೆಯನ್ನೋ ಕೊಟ್ಟಿದ್ದರೆ ನಡುವೆ ನಾಲ್ಕು ಗಂಟೆ ಅಂತರ ಬೇಕು. ಅವನ್ನು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. ಗ್ಯಾಸಿನ ಮಾತ್ರೆ ದಿನಾ ನುಂಗುವ ಅಭ್ಯಾಸ ಇದ್ದರೆ ಡಾಕ್ಟರಿಗೆ ಹೇಳಿ, ಅದೂ ಅಡ್ಡ ಬರುತ್ತದೆ. ಮಾತ್ರೆ ಡಬ್ಬಿಯನ್ನು ಹುಳು ಮನೆಯಲ್ಲಿ ಇಡಬೇಡಿ. ಅಲ್ಲಿನ ಬಿಸಿ, ತೇವ ಎರಡೂ ಆ ಮಾತ್ರೆಗೆ ಆಗಿಬರುವುದಿಲ್ಲ.

ಹೀಗೆ ಆರರಿಂದ ಎಂಟು ವಾರ ತಪ್ಪದೆ ತೆಗೆದುಕೊಂಡು ಮತ್ತೆ ಟಿಎಸ್‌ಎಚ್ ಮಾಡಿಸಿ. ಅದಕ್ಕಿಂತ ಬೇಗ ಮಾಡಿಸಿದರೆ ದುಡ್ಡು ದಂಡ. ಡೋಸ್ ಬದಲಾದರೂ ಆ ಸಂಖ್ಯೆ ನಿಲ್ಲುವುದಕ್ಕೆ ಅಷ್ಟು ಸಮಯ ಬೇಕು. ರಕ್ತ ಕೊಡುವ ದಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಿ. ಕೂದಲಿಗೆ ಅಂತ ಅಂಗಡಿಯಲ್ಲಿ ಬಯೋಟಿನ್ ಮಾತ್ರೆ ತಂದು ತಿನ್ನುತ್ತಿದ್ದರೆ ಪರೀಕ್ಷೆಗೆ ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಅದು ಮೈಯನ್ನು ಕೆಡಿಸುವುದಿಲ್ಲ, ಆದರೆ ರಿಪೋರ್ಟ್ ತಪ್ಪು ಬರುತ್ತದೆ.

ಹಾಗಾದರೆ ಸ್ಪೆಷಲಿಸ್ಟ್ ಯಾರಿಗೆ ಬೇಕು? ಗರ್ಭಿಣಿಯಾದರೆ ಬೇಕು. ಗರ್ಭಕ್ಕೆ ಪ್ರಯತ್ನ ಮಾಡುತ್ತಿದ್ದರೂ ಮೊದಲೇ ಹೇಳಿ, ಯಾಕೆಂದರೆ ಗರ್ಭ ನಿಂತ ಮೊದಲ ವಾರಗಳಲ್ಲೇ ಡೋಸ್ ಏರಿಸಬೇಕಾಗುತ್ತದೆ, ಮಗುವಿನ ಮಿದುಳಿಗೆ ಆಗ ತಾಯಿಯ ಹಾರ್ಮೋನೇ ಆಧಾರ. ಕುತ್ತಿಗೆಯಲ್ಲಿ ಗಂಟು ಕಂಡರೆ ಬೇಕು. ಟಿಎಸ್‌ಎಚ್ ಏರುವ ಬದಲು ತೀರಾ ಇಳಿದು ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ತೂಕ ಇಳಿಯುವುದು ಇದ್ದರೆ ಬೇಕು. ಚಿಕ್ಕ ಮಕ್ಕಳಿಗೆ, ಹೃದಯದ ಕಾಯಿಲೆ ಇರುವವರಿಗೆ ಬೇಕು. ಸರಿಯಾಗಿ ನುಂಗಿಯೂ, ಡೋಸ್ ಬದಲಿಸಿಯೂ ಮತ್ತೆ ಮತ್ತೆ ಏರುಪೇರು ಆಗುತ್ತಿದ್ದರೆ ಆಗಲೂ ಹೋಗಿ. ನಾದಿನಿಗೆ ನಿಮ್ಮ ಮೇಲೆ ಕಾಳಜಿ ಇದೆ, ಇದನ್ನು ಅವರಿಗೂ ಓದಿ ಹೇಳಿ.

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಹೋದ ಬೇಸಿಗೆಯಲ್ಲಿ ವಾಂತಿ, ಹೊಟ್ಟೆನೋವು, ಏದುಸಿರು ಅಂತ ಆಸ್ಪತ್ರೆಗೆ ಸೇರಿಸಿದಾಗ ಶುಗರ್ 480 ಇತ್ತು. ಟೈಪ್ 1 ಅಂದರು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚುತ್ತಿದ್ದೇವೆ. ಈಗ ಡೋಸ್ ತಾನಾಗಿಯೇ ಕಡಿಮೆಯಾಗಿದೆ. ಗಡಿಯಾಚೆ ಒಬ್ಬರು ಪುಡಿ ಕೊಡುತ್ತಾರೆ, ಮೂರು ತಿಂಗಳಲ್ಲಿ ಸೂಜಿ ಬಿಡಿಸುತ್ತಾರೆ ಅಂತ ನಮ್ಮ ಭಾವನವರು ಹೇಳುತ್ತಿದ್ದಾರೆ. ಕರೆಂಟು ಹೋದರೆ ಇನ್ಸುಲಿನ್ ಕೆಡುತ್ತದೆ ಅನ್ನುವ ಭಯ ಬೇರೆ. ಸ್ಕೂಲಿಗೆ ಕಳಿಸುವುದಕ್ಕೇ ಕೈಕಾಲು ನಡುಗುತ್ತದೆ.
— ಒಬ್ಬ ತಾಯಿ, ಮುಳಬಾಗಿಲು

ಅಮ್ಮಾ, ಮೊದಲು ಪುಡಿಯ ಮಾತು. ಇನ್ಸುಲಿನ್ ಒಂದು ದಿನವೂ ನಿಲ್ಲಿಸಬೇಡಿ. ದೊಡ್ಡವರಿಗೆ ಬರುವ ಶುಗರ್ ಬೇರೆ, ನಿಮ್ಮ ಮಗನದು ಬೇರೆ. ಅವನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಅವನ ಮೈಯ ರೋಗನಿರೋಧಕ ಶಕ್ತಿಯೇ ನಾಶ ಮಾಡಿದೆ. ನೀವು ಏನೋ ತಿನ್ನಿಸಿದ್ದರಿಂದ ಬಂದದ್ದಲ್ಲ. ಹೊರಗಿನಿಂದ ಇನ್ಸುಲಿನ್ ಕೊಡದಿದ್ದರೆ ಕೆಲವೇ ದಿನಗಳಲ್ಲಿ ಮೊದಲ ಸಲದ ಹಾಗೇ ವಾಂತಿ, ಏದುಸಿರು ಶುರುವಾಗಿ ಜೀವಕ್ಕೆ ಬರುತ್ತದೆ.

ಇನ್ನು ಡೋಸ್ ತಾನಾಗಿಯೇ ಇಳಿದದ್ದು. ಇಲ್ಲೇ ಎಷ್ಟೋ ಮನೆಗಳವರು ಮೋಸ ಹೋಗುವುದು. ಚಿಕಿತ್ಸೆ ಶುರುವಾದ ಮೇಲೆ ಉಳಿದ ಸ್ವಲ್ಪ ಜೀವಕೋಶಗಳು ಚೇತರಿಸಿಕೊಂಡು ಕೆಲವು ವಾರ, ಕೆಲವರಿಗೆ ಕೆಲವು ತಿಂಗಳು ಇನ್ಸುಲಿನ್ ಕಡಿಮೆ ಸಾಕಾಗುತ್ತದೆ. ಡಾಕ್ಟರುಗಳು ಇದನ್ನು ಹನಿಮೂನ್ ಕಾಲ ಅನ್ನುತ್ತಾರೆ. ಪುಡಿ ಕೊಡುವವರು ಸರಿಯಾಗಿ ಈ ಸಮಯದಲ್ಲೇ ಸಿಗುತ್ತಾರೆ. ಸೂಜಿ ಕಡಿಮೆಯಾಯಿತಲ್ಲ, ಪುಡಿ ಕೆಲಸ ಮಾಡಿತು ಅನ್ನಿಸುತ್ತದೆ. ಆ ಕಾಲ ಮುಗಿಯುತ್ತದೆ, ಇನ್ಸುಲಿನ್ ಮತ್ತೆ ಹೆಚ್ಚು ಬೇಕಾಗುತ್ತದೆ. ಅಷ್ಟರಲ್ಲಿ ಸೂಜಿ ಬಿಡಿಸಿದ್ದ ಮಕ್ಕಳನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಹೊತ್ತು ತಂದದ್ದನ್ನು ನಾನು ನೋಡಿದ್ದೇನೆ. ಆ ತಾಯಂದಿರ ಮುಖ ಇವತ್ತಿಗೂ ಮರೆತಿಲ್ಲ. ಭಾವನವರನ್ನು ಮುಂದಿನ ಸಲ ನಿಮ್ಮ ಜೊತೆಗೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅವರ ಬಾಯಿಂದಲೇ ಕೇಳಲಿ.

ಈ ಔಷಧಿ ಬರುವ ಮುಂಚೆ ಟೈಪ್ 1 ಬಂದ ಮಕ್ಕಳು ಬದುಕುತ್ತಿರಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಸಾಯುವ ಹಾಗಿದ್ದ ಹುಡುಗ ಎದ್ದು ಕೂತ. ನಿಮ್ಮ ಮಗ ಓದಬಹುದು, ಆಡಬಹುದು, ಕೆಲಸಕ್ಕೆ ಹೋಗಬಹುದು, ಮದುವೆಯಾಗಬಹುದು. ಇದನ್ನು ಅವನಿಗೂ ಹೇಳಿ. ಹನ್ನೊಂದು ವರ್ಷದ ಮಕ್ಕಳಿಗೆ ಎಲ್ಲ ಅರ್ಥವಾಗುತ್ತದೆ.

ಕರೆಂಟಿನ ವಿಷಯಕ್ಕೆ ಅಷ್ಟು ಹೆದರಬೇಡಿ. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು ನಿಜ. ಆದರೆ ಈಗ ಬಳಸುತ್ತಿರುವ ಬಾಟಲಿ ಅಥವಾ ಪೆನ್ ಮನೆಯ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಚೆನ್ನಾಗಿರುತ್ತದೆ. ಬೇಸಿಗೆಯಲ್ಲಿ ದೊಡ್ಡ ಮಣ್ಣಿನ ಕುಂಡದಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಚಿಕ್ಕ ಮಡಕೆ ಕೂರಿಸಿ, ಅದರಲ್ಲಿ ಇನ್ಸುಲಿನ್ ಇಟ್ಟು ಒದ್ದೆ ಬಟ್ಟೆ ಮುಚ್ಚಿ. ಮರಳು ಒಣಗದ ಹಾಗೆ ನೋಡಿಕೊಂಡರೆ ಸಾಕು. ಬಾಟಲಿಗೆ ನೀರು ತಾಗದಿರಲಿ. ಫ್ರಿಜ್ಜಿನ ಮೇಲಿನ ಐಸ್ ಆಗುವ ಖಾನೆಯಲ್ಲಿ ಮಾತ್ರ ಎಂದೂ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಬೇಕು.

ಸ್ಕೂಲಿನಲ್ಲಿ ಹೆದರಬೇಕಾದದ್ದು ಶುಗರ್ ಇಳಿಯುವುದಕ್ಕೆ. ಬೆವರು, ನಡುಕ, ಸಿಟ್ಟು, ಕಣ್ಣು ಮಂಜು, ತಲೆ ಸುತ್ತು, ಓದುತ್ತಾ ಓದುತ್ತಾ ಮಂಕಾಗುವುದು. 70ಕ್ಕಿಂತ ಕೆಳಗೆ ಬಂದರೆ ತಡಮಾಡದೆ ಎರಡು ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಬೇಕು. ಗ್ಲೂಕೋಸ್ ಪುಡಿಯೂ ಆಗುತ್ತದೆ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಇಳಿಯುವುದು ತಡವಾಗುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಂದು ಸಲ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು. ಇಷ್ಟನ್ನೂ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ನಿಮ್ಮ ಫೋನ್ ನಂಬರ್ ಸೇರಿಸಿ, ಕ್ಲಾಸ್ ಟೀಚರಿಗೂ ಪಿಟಿ ಮೇಷ್ಟ್ರಿಗೂ ಕೊಡಿ. ಸಕ್ಕರೆ ಪೊಟ್ಟಣ ಅವನ ಬ್ಯಾಗಿನಲ್ಲೂ ಇರಲಿ, ಟೀಚರ ಮೇಜಿನಲ್ಲೂ ಇರಲಿ. ಆಟದ ದಿನ ಶುಗರ್ ಇಳಿಯುವುದು ಜಾಸ್ತಿ.

ಜ್ವರ, ವಾಂತಿ ಬಂದು ಊಟ ಮಾಡದ ದಿನ ಮನೆಯವರು ಇನ್ಸುಲಿನ್ ಬಿಟ್ಟುಬಿಡುತ್ತಾರೆ. ಊಟ ಇಲ್ಲದಿದ್ದರೂ ದಿನಪೂರ್ತಿ ಇರುವ ಉದ್ದ ಇನ್ಸುಲಿನ್ ಬೇಕೇ ಬೇಕು. ಅಂಥ ದಿನ ಮೂರು ನಾಲ್ಕು ಗಂಟೆಗೊಮ್ಮೆ ಶುಗರ್ ನೋಡಿ, ಮೂತ್ರದ ಕೀಟೋನ್ ಪಟ್ಟಿ ಮನೆಯಲ್ಲಿ ಇಟ್ಟುಕೊಳ್ಳಿ. ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಉರಿಸತೊಡಗಿದಾಗ ಬರುವ ವಸ್ತುವೇ ಕೀಟೋನ್. ಕೀಟೋನ್ ಬಂದು ವಾಂತಿ ನಿಲ್ಲದಿದ್ದರೆ ಬೆಂಗಳೂರಿಗೆ ಓಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ನಿಮಗೆ ಕೋಲಾರದಲ್ಲೇ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ, ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ಮೊದಲ ಡ್ರಿಪ್ ಬೇಗ ಬೀಳುವುದು ಮುಖ್ಯ.

ಮಕ್ಕಳ ಹಾರ್ಮೋನ್ ಡಾಕ್ಟರನ್ನು ಮೂರು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು. ಸರ್ಕಾರಿ ಆಸ್ಪತ್ರೆ ಅಂದರೆ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ, ಜಯನಗರದಲ್ಲಿ ಕರ್ನಾಟಕ ಎಂಡೋಕ್ರೈನಾಲಜಿ (ಅಂದರೆ ಹಾರ್ಮೋನ್ ಕಾಯಿಲೆಗಳ) ಸಂಸ್ಥೆ ಇದೆ. ಹೋದಾಗ ಚುಚ್ಚುವ ಜಾಗಗಳನ್ನೂ ತೋರಿಸಿ. ಒಂದೇ ಕಡೆ ಚುಚ್ಚಿ ಚುಚ್ಚಿ ಗಂಟಾಗಿದ್ದರೆ ಅಲ್ಲಿ ಕೊಟ್ಟ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ.

ಪ್ರಶ್ನೆ: ನಮ್ಮ ತಂದೆಗೆ 61. ಹತ್ತಾರು ವರ್ಷದಿಂದ ಸೊಂಟ, ಮಂಡಿ, ಕುತ್ತಿಗೆ ನೋವು. ಸಂತೆಯಲ್ಲಿ ಒಬ್ಬರು ಕೊಡುವ ಕಂದು ಮಾತ್ರೆ ತಿಂದರೆ ಹಾಯಾಗಿರುತ್ತಾರೆ. ಒಂದು ವರ್ಷದಿಂದ ಮುಖ ಊದಿದೆ, ಹೊಟ್ಟೆ ಬಂದಿದೆ, ಕೈಕಾಲು ಸಣ್ಣಗಾಗಿವೆ. ಮುಟ್ಟಿದರೆ ಕಪ್ಪು ಕಲೆ. ಈಗ ಶುಗರ್ ಬೇರೆ ಬಂದಿದೆ. ಆ ಮಾತ್ರೆಯೇ ಕಾರಣ ಅಂತ ನಾನು ಕಿತ್ತು ಬಿಸಾಕಬೇಕು ಅಂತಿದ್ದೇನೆ.
— ಆಟೋ ಓಡಿಸುವ ಮಗ, ಬಾಗೇಪಲ್ಲಿ

ತಮ್ಮಾ, ಬಿಸಾಕಬೇಡಿ. ನಿಮ್ಮ ಅನುಮಾನ ಸರಿ ಇರಬಹುದು. ಆದರೆ ಥಟ್ಟನೆ ನಿಲ್ಲಿಸಿದರೆ ಅಪಾಯ.

ನೀವು ಬರೆದಿರುವ ಲಕ್ಷಣಗಳು ಸ್ಟೆರಾಯ್ಡ್ ಔಷಧಿ ತುಂಬಾ ದಿನ ತಿಂದವರಲ್ಲಿ ಕಾಣುವಂಥವು. ಹೆಸರಿಲ್ಲದ ನೋವಿನ ಮಾತ್ರೆ, ಪುಡಿಗಳಲ್ಲಿ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಬೆರೆಸಿರುವುದು ಉಂಟು. ನೋವು ಅರ್ಧ ದಿನದಲ್ಲಿ ಮಾಯವಾಗುವುದು ಅದರಿಂದಲೇ. ನಮ್ಮ ಕಿಡ್ನಿಗಳ ಮೇಲೆ ಅಡ್ರಿನಲ್ ಅಂತ ಎರಡು ಚಿಕ್ಕ ಗ್ರಂಥಿಗಳಿವೆ. ಮೈಗೆ ಬೇಕಾದ ಕಾರ್ಟಿಸಾಲ್ ಹಾರ್ಮೋನನ್ನು ಅವೇ ತಯಾರಿಸುತ್ತವೆ. ಹೊರಗಿನಿಂದ ಅದೇ ಜಾತಿಯ ಔಷಧಿ ದಿನಾ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸುತ್ತವೆ. ವರ್ಷಗಟ್ಟಲೆ ಹೊರಗಿನ ಊಟ ತಂದು ತಿಂದ ಮನೆಯಲ್ಲಿ ಒಲೆ ಆರಿದ ಹಾಗೆ. ಒಂದು ದಿನ ಇದ್ದಕ್ಕಿದ್ದಂತೆ ಊಟ ಬರುವುದು ನಿಂತರೆ ಅಲ್ಲಿ ಬೆಂಕಿಯೂ ಇಲ್ಲ. ಆಗ ತೀರಾ ಸುಸ್ತು, ವಾಂತಿ, ಬಿಪಿ ಕುಸಿಯುವುದು, ಪ್ರಜ್ಞೆ ತಪ್ಪುವುದು ಆಗುತ್ತದೆ. ಪ್ರಾಣಕ್ಕೇ ಬರಬಹುದು.

ಆದ್ದರಿಂದ ಮಾತ್ರೆಗಳನ್ನು ಕವರಿನ ಸಮೇತ ತೆಗೆದುಕೊಂಡು ಈ ವಾರವೇ ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಯಲ್ಲಿ ಜನರಲ್ ಮೆಡಿಸಿನ್ ಡಾಕ್ಟರಿಗೆ ತೋರಿಸಿ. ಎಷ್ಟು ವರ್ಷ, ದಿನಕ್ಕೆ ಎಷ್ಟು ಅಂತ ಮುಚ್ಚಿಡದೆ ಹೇಳಿ. ಮಂಡಿಗೆ ಸೂಜಿ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ. ಅವರು ಲೆಕ್ಕ ಗೊತ್ತಿರುವ ಸ್ಟೆರಾಯ್ಡ್ ಮಾತ್ರೆ ಕೊಟ್ಟು ವಾರ, ತಿಂಗಳುಗಳ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಗ್ರಂಥಿ ಎದ್ದಿದೆಯಾ ಅಂತ ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ ನೋಡುತ್ತಾರೆ. ಈ ಹಂತಕ್ಕೆ ಹಾರ್ಮೋನ್ ಸ್ಪೆಷಲಿಸ್ಟ್ ಇದ್ದರೆ ಒಳ್ಳೆಯದು, ಚೀಟಿ ಬರೆಸಿಕೊಳ್ಳಿ. ಇಳಿಸುವ ಸಮಯದಲ್ಲಿ ಜ್ವರ ಬಂದರೆ, ಹಲ್ಲು ಕೀಳಿಸಬೇಕಾದರೆ, ಆಪರೇಷನ್ ಅಂದರೆ, ಯಾವ ಡಾಕ್ಟರ್ ಇದ್ದರೂ ಮೊದಲ ಮಾತು ಇದೇ ಆಗಿರಲಿ: ಇವರು ಸ್ಟೆರಾಯ್ಡ್ ಮೇಲಿದ್ದಾರೆ. ಒಂದು ಚೀಟಿ ಬರೆದು ಅವರ ಜೇಬಿನಲ್ಲೇ ಇಡಿ. ಶುಗರ್ ಎಷ್ಟೋ ಜನರಿಗೆ ಸ್ಟೆರಾಯ್ಡ್ ಇಳಿದ ಹಾಗೆ ತಾನೂ ಇಳಿಯುತ್ತದೆ.

ನೋವಿಗೆ ಮೂಲ ಏನು ಅನ್ನುವುದನ್ನೂ ಬಿಡಬಾರದು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಬೆನ್ನುಮೂಳೆ, ಕೀಲು ಬಿಗಿಯುತ್ತವೆ, ಕುತ್ತಿಗೆ ತಿರುಗಿಸಲಾಗುವುದಿಲ್ಲ. ಚಿಕ್ಕಂದಿನಿಂದ ಅದೇ ನೀರು ಕುಡಿದವರ ಹಲ್ಲಿನಲ್ಲಿ ಹಳದಿ ಕಂದು ಗೆರೆಗಳು ಕಾಣುತ್ತವೆ. ಡಾಕ್ಟರಿಗೆ ನೀವಾಗಿ ಹೇಳಿ, ನಾವು ಬೋರ್ ನೀರು ಕುಡಿದು ಬೆಳೆದವರು ಅಂತ. ಮುಂದೋಳಿನ ಮತ್ತು ಸೊಂಟದ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ರಕ್ತದ ಕ್ಯಾಲ್ಸಿಯಂ ಹದದಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನ್ ನೋಡಿಸಬೇಕು. ಮೂಳೆಯ ಇಂಥ ಕಾಯಿಲೆಗಳನ್ನೂ ಹಾರ್ಮೋನ್ ವಿಭಾಗದಲ್ಲೇ ನೋಡುತ್ತಾರೆ ಅನ್ನುವುದು ತುಂಬಾ ಜನಕ್ಕೆ ತಿಳಿದಿಲ್ಲ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ನಿಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಲು ಪಂಚಾಯಿತಿಯಲ್ಲಿ ಕೇಳಿ. ಕುಡಿಯುವುದಕ್ಕೆ ಮಾತ್ರ ಅಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಮುದ್ದೆ, ಸಾರು ಎರಡರಲ್ಲೂ ಮೈಗೆ ಹೋಗುವುದು ಅದೇ ನೀರು ಅಲ್ವಾ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನು ಇವತ್ತಿನಿಂದಲೇ ಮಾಡಿ.

ಪ್ರಶ್ನೆ: ಶುಗರ್ ಇರುವವರು ರಾಗಿ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದಾ?
— ಮಾಲೂರಿನ ಓದುಗರು

ಎಷ್ಟು ಬೇಕಾದರೂ ಅಲ್ಲ. 100 ಗ್ರಾಂ ರಾಗಿಯಲ್ಲಿ 67 ಗ್ರಾಂನಷ್ಟು ಪಿಷ್ಟ, ಅದೇ ತೂಕದ ಅಕ್ಕಿಯಲ್ಲಿ 78ರ ಹತ್ತಿರ. ಅಂತರ ದೊಡ್ಡದೇನಲ್ಲ. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ತುಂಬಾ ಜಾಸ್ತಿ, ಅದು ಅದರ ಗುಣ. ಆದರೆ ದೊಡ್ಡ ಮುದ್ದೆ ಎರಡು ನುಂಗಿ ಮೇಲೆ ಅನ್ನ ಹಾಕಿಸಿಕೊಂಡರೆ ಶುಗರ್ ಏರೇ ಏರುತ್ತದೆ. ಒಂದು ಸಾಧಾರಣ ಮುದ್ದೆ, ಜೊತೆಗೆ ಸೊಪ್ಪು ಕಾಳು ಗಟ್ಟಿಯಾಗಿರುವ ಬಸ್ಸಾರು ಅಥವಾ ಮಸ್ಸೊಪ್ಪು, ಒಂದಿಷ್ಟು ಪಲ್ಯ. ರಾಗಿ ಅಂಬಲಿ, ಮಾಲ್ಟ್ ಬೇಗ ಜೀರ್ಣವಾಗುತ್ತವೆ, ಅವು ಮುದ್ದೆಗಿಂತ ಬೇಗ ಶುಗರ್ ಏರಿಸುತ್ತವೆ. ಗ್ಲೂಕೋಮೀಟರ್ ಇದ್ದರೆ ಊಟ ಶುರುಮಾಡಿ ಎರಡು ಗಂಟೆಗೆ ಒಂದು ಸಲ ನೋಡಿ. ನಿಮ್ಮ ಮೈಗೆ ಎಷ್ಟು ದೊಡ್ಡ ಮುದ್ದೆ ಆಗುತ್ತದೆ ಅನ್ನುವುದು ಅದರಲ್ಲೇ ತಿಳಿಯುತ್ತದೆ.

ಪ್ರಶ್ನೆ: ಮಗಳಿಗೆ 15 ತುಂಬುತ್ತಾ ಬಂತು. ಇನ್ನೂ ದೊಡ್ಡವಳಾಗಿಲ್ಲ. ಕ್ಲಾಸಿನಲ್ಲಿ ಎಲ್ಲರಿಗಿಂತ ಗಿಡ್ಡ. ನಮ್ಮ ಕಡೆ ಎಲ್ಲ ತಡವೇ, ಸುಮ್ನೆ ಇರಿ ಅಂತ ಅತ್ತೆ ಹೇಳುತ್ತಾರೆ. ಡಾಕ್ಟರ್ ಹತ್ತಿರ ಹೋದರೆ ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಅಂತ ಮನೆಯವರಿಗೆ ಸಂಕೋಚ.
— ಶಿರಾ ತಾಲ್ಲೂಕಿನ ಒಬ್ಬ ತಾಯಿ

ಇನ್ನು ಕಾಯಬೇಡಿ. 13 ದಾಟಿದರೂ ಎದೆ ಬೆಳೆಯದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ ತೋರಿಸಲೇಬೇಕು. ಗಿಡ್ಡವೂ ಇದ್ದಾಳೆ ಅಂದರೆ ಇನ್ನೂ ಬೇಗ ತೋರಿಸಬೇಕು. ಅತ್ತೆ ಹೇಳುವ ಹಾಗೆ ಮನೆತನದಲ್ಲೇ ತಡವಾಗುವುದೂ ಉಂಟು, ಆದರೆ ಅದನ್ನು ಪರೀಕ್ಷೆ ಮಾಡಿದ ಮೇಲೆ ಹೇಳಬೇಕು.

ಕಾರಣಗಳು ಹಲವು. ಥೈರಾಯ್ಡ್ ಕಡಿಮೆ ಇರಬಹುದು, ಅದಾದರೆ ಮಾತ್ರೆಯಲ್ಲೇ ಸರಿಹೋಗುತ್ತದೆ. ರಕ್ತ ತೀರಾ ಕಡಿಮೆ ಇರುವುದು, ಕರುಳಿನ ಕಾಯಿಲೆ, ಕಿಡ್ನಿ ತೊಂದರೆಯೂ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುತ್ತವೆ. ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ತೊಂದರೆ ಇರಬಹುದು. ಹುಡುಗಿ ಗಿಡ್ಡ ಇದ್ದು ದೊಡ್ಡವಳಾಗದಿದ್ದರೆ ಟರ್ನರ್ ಸಿಂಡ್ರೋಮ್ (ಹುಡುಗಿಯರಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಇಲ್ಲದೆ ಅಥವಾ ಅರೆಬರೆ ಇರುವುದು) ಇದೆಯಾ ಅಂತ ನೋಡಲು ಕ್ರೋಮೋಸೋಮ್ ಪರೀಕ್ಷೆ ಮಾಡುತ್ತಾರೆ. ಹಾಗಿದ್ದರೆ ಹೃದಯ, ಕಿಡ್ನಿಯನ್ನೂ ನೋಡಬೇಕು. ಎಡಗೈಯ ಒಂದು ಎಕ್ಸ್‌ರೇ ತೆಗೆದು ಮೂಳೆಗೆ ಎಷ್ಟು ವಯಸ್ಸಾಗಿದೆ ಅಂತ ಲೆಕ್ಕ ಹಾಕುತ್ತಾರೆ. ಉದ್ದ ಬೆಳೆಯಲು ಇನ್ನೂ ಜಾಗ ಇದೆಯಾ ಅನ್ನುವುದು ಅದರಲ್ಲಿ ತಿಳಿಯುತ್ತದೆ. ಮೂಳೆಯ ತುದಿಗಳು ಮುಚ್ಚಿಕೊಂಡ ಮೇಲೆ ಎಂಥ ಔಷಧಿಯಿಂದಲೂ ಎತ್ತರ ಬಾರದು. ನಾನು ಅವಸರ ಮಾಡುತ್ತಿರುವುದು ಇದಕ್ಕೇ.

ಹೋಗುವ ಮುಂಚೆ ಅವಳ ತಾಯಿ ಕಾರ್ಡ್, ಅಂಗನವಾಡಿ ಮತ್ತು ಸ್ಕೂಲಿನಲ್ಲಿ ಅಳೆದ ಎತ್ತರ ತೂಕ ಸಿಕ್ಕಷ್ಟು ಬರೆದುಕೊಳ್ಳಿ. ಚಿಕ್ಕಂದಿನ ಬಟ್ಟೆ ಅಳತೆ, ಹುಟ್ಟುಹಬ್ಬದ ಫೋಟೋಗಳೂ ಡಾಕ್ಟರಿಗೆ ಉಪಯೋಗಕ್ಕೆ ಬರುತ್ತವೆ. ನಿಮ್ಮ ಮತ್ತು ನಿಮ್ಮ ಯಜಮಾನರ ಎತ್ತರ, ನೀವು ಯಾವ ವಯಸ್ಸಿಗೆ ದೊಡ್ಡವರಾದಿರಿ ಅನ್ನುವುದನ್ನೂ ಕೇಳುತ್ತಾರೆ. ತುಮಕೂರು ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಶುರುಮಾಡಿ, ಅಲ್ಲಿಂದ ಚೀಟಿ ಬರೆಸಿಕೊಂಡು ಮಕ್ಕಳ ಹಾರ್ಮೋನ್ ತಜ್ಞರ ಹತ್ತಿರ ಹೋಗಿ. ಮಗಳಿಗೆ ಮೊದಲೇ ಹೇಳಿ ಕರೆದೊಯ್ಯಿರಿ. ಮೈ ನೋಡುವಾಗ ಹೆಣ್ಣು ಡಾಕ್ಟರ್ ಅಥವಾ ನರ್ಸ್ ಜೊತೆಗಿರಲಿ ಅಂತ ಕೇಳುವುದು ನಿಮ್ಮ ಹಕ್ಕು. ನಾಲ್ಕು ಜನ ಏನಂತಾರೋ ಅನ್ನುವುದಕ್ಕೆ ಆ ಹುಡುಗಿಯ ಬೆಳೆಯುವ ವರ್ಷಗಳನ್ನು ಕೊಡಬೇಡಿ.

ಪ್ರಶ್ನೆ: ಅಮ್ಮನಿಗೆ ಬೆಂಗಳೂರಿನ ಹಾರ್ಮೋನ್ ವಿಭಾಗಕ್ಕೆ ಚೀಟಿ ಕೊಟ್ಟಿದ್ದಾರೆ. ಹೋದ ಸಲ ಹೋಗಿ ಇಡೀ ದಿನ ಕೂತು, ಇನ್ನೊಂದು ದಿನ ಬನ್ನಿ ಅನ್ನಿಸಿಕೊಂಡು ಬಂದೆವು. ಬಿಪಿಎಲ್ ಕಾರ್ಡ್ ಇದೆ. ಏನು ತಯಾರಿ ಮಾಡಿಕೊಂಡು ಹೋಗಬೇಕು?
— ತುಮಕೂರಿನ ಓದುಗರು

ಹಾರ್ಮೋನ್ ಪರೀಕ್ಷೆಗಳಿಗೆ ಗಡಿಯಾರ ಮುಖ್ಯ. ಕಾರ್ಟಿಸಾಲ್ ಬೆಳಿಗ್ಗೆ 8ರ ಸುಮಾರಿಗೆ ಜಾಸ್ತಿ, ರಾತ್ರಿಗೆ ಕಡಿಮೆ. ಹನ್ನೊಂದು ಗಂಟೆಗೆ ರಕ್ತ ಕೊಟ್ಟರೆ ಆ ಸಂಖ್ಯೆಯಿಂದ ಡಾಕ್ಟರಿಗೆ ಸರಿಯಾಗಿ ತಿಳಿಯುವುದು ಕಷ್ಟ. ಕೆಲವರಿಗೆ ರಾತ್ರಿ 11ಕ್ಕೆ ಡೆಕ್ಸಾಮೆಥಾಸೋನ್ ಮಾತ್ರೆ ಕೊಟ್ಟು ಬೆಳಿಗ್ಗೆ 8ಕ್ಕೆ ರಕ್ತ ತೆಗೆಯುತ್ತಾರೆ. ಇನ್ನು ಕೆಲವಕ್ಕೆ 24 ಗಂಟೆಯ ಮೂತ್ರ ಹಿಡಿದು ತರಬೇಕು. ಅದರಲ್ಲಿ ಬೆಳಿಗ್ಗೆಯ ಮೊದಲ ಮೂತ್ರವನ್ನು ಬಿಟ್ಟು, ಆ ಹೊತ್ತನ್ನು ಬರೆದಿಟ್ಟು, ಮಾರನೆ ದಿನ ಅದೇ ಹೊತ್ತಿನ ಮೂತ್ರದವರೆಗೆ ಒಂದು ಹನಿ ಬಿಡದೆ ಹಿಡಿಯಬೇಕು. ಒಂದು ಸಲ ಮರೆತರೂ ಮತ್ತೆ ಮೊದಲಿನಿಂದ. ಹೀಗಾಗಿ ಹೋಗುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿ: ಯಾವ ದಿನ ಈ ಒಪಿಡಿ, ಬರೀ ಹೊಟ್ಟೆಯಲ್ಲಿ ಬರಬೇಕಾ, ರಕ್ತ ಎಷ್ಟು ಗಂಟೆಗೆ, ಯಾವ ಮಾತ್ರೆ ಅವತ್ತು ತೆಗೆದುಕೊಳ್ಳಬಾರದು. ತುಮಕೂರಿನಿಂದ ಮೊದಲ ರೈಲು, ಮೊದಲ ಬಸ್ಸು ಹಿಡಿದರೂ 8 ಗಂಟೆಯ ರಕ್ತಕ್ಕೆ ಓಡೋಡಿ ಹೋಗುವ ಹಾಗಾಗುತ್ತದೆ. ಅಂಥ ಪರೀಕ್ಷೆಯನ್ನು ತುಮಕೂರಿನಲ್ಲೇ ಮಾಡಿಸಿ ರಿಪೋರ್ಟ್ ತರಬಹುದಾ ಅಂತ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಬರೀ ಹೊಟ್ಟೆ ಅಂದರೆ ನೀರು ಕುಡಿಯಬಹುದು. ಅಮ್ಮ ಊಟದ ಹೊತ್ತಿಗೆ ಚುಚ್ಚುವ ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಮೇಲಿದ್ದರೆ ಊಟ ಮಾಡದೆ ಅದನ್ನು ತೆಗೆದುಕೊಳ್ಳದಿರಲಿ. ಡಬ್ಬಿಯಲ್ಲಿ ತಿಂಡಿ ಇರಲಿ, ರಕ್ತ ಕೊಟ್ಟ ಕೂಡಲೇ ತಿನ್ನಿಸಿ.

ಎಲ್ಲ ಕಾಗದಗಳನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಹಾಕಿ, ಹಳೆಯದು ಕೆಳಗೆ, ಹೊಸದು ಮೇಲೆ. ಸ್ಕ್ಯಾನ್ ಆಗಿದ್ದರೆ ಫಿಲ್ಮ್ ಮತ್ತು ಸಿಡಿ ಎರಡೂ ಬೇಕು. ಈಗ ನುಂಗುತ್ತಿರುವ ಪ್ರತಿ ಮಾತ್ರೆಯ ಪಟ್ಟಿಯನ್ನು ಕವರಿನ ಸಮೇತ ಒಯ್ಯಿರಿ, ನಾಟಿ ಔಷಧಿ ಇದ್ದರೆ ಅದನ್ನೂ. ಸಂಕೋಚ ಬೇಡ. ಕೇಳಬೇಕಾದ್ದನ್ನು ಬಸ್ಸಿನಲ್ಲೇ ಬರೆದುಕೊಳ್ಳಿ, ಒಳಗೆ ಹೋದ ಮೇಲೆ ಎಲ್ಲ ಮರೆತುಹೋಗುತ್ತದೆ.

ಡಾಕ್ಟರ್ ಬೋರ್ಡಿನಲ್ಲಿ ಡಿಎಂ ಎಂಡೋಕ್ರೈನಾಲಜಿ ಅಂತ ಇದ್ದರೆ ಎಂಬಿಬಿಎಸ್, ಎಂಡಿ ಆದ ಮೇಲೆ ಮೂರು ವರ್ಷ ಇದನ್ನೇ ಓದಿದವರು. ಡಯಾಬಿಟಾಲಜಿಸ್ಟ್ ಅಂತ ಬರೆದವರೆಲ್ಲ ಹಾಗೆ ಓದಿದವರಲ್ಲ. ಬರೀ ಶುಗರ್ ಆದರೆ ಅವರೂ ಸಾಕು. ಅಡ್ರಿನಲ್, ಪಿಟ್ಯುಟರಿ ಅಂದರೆ ಡಿಎಂ ಆದವರೇ ಬೇಕು.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದಲ್ಲಿ ನೂರಕ್ಕೆ 30 ಭಾಗ ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಆದರೆ ಅದು ಆಸ್ಪತ್ರೆಗೆ ಸೇರಿ ಪಡೆಯುವ ಚಿಕಿತ್ಸೆಗೆ, ಆಪರೇಷನ್‌ಗೆ. ತಿಂಗಳ ಮಾತ್ರೆ, ಒಪಿಡಿಯ ರಕ್ತಪರೀಕ್ಷೆ ಅದರಲ್ಲಿ ಬರುವುದಿಲ್ಲ. ಹಾರ್ಮೋನ್ ಕಾಯಿಲೆಗಳ ಖರ್ಚೆಲ್ಲ ಇರುವುದು ಅಲ್ಲೇ, ನನಗೆ ಇದು ಇವತ್ತಿಗೂ ಬೇಸರ ತರಿಸುವ ವಿಷಯ. ಮಾತ್ರೆಗಳಿಗೆ ಜನೌಷಧಿ ಕೇಂದ್ರದಲ್ಲಿ ಕೇಳಿ, ಬೆಲೆ ಎಷ್ಟೋ ಕಡಿಮೆ. ಬಿಪಿ, ಶುಗರ್ ಮಾತ್ರೆ ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದೊಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಪುಕ್ಕಟೆ ಕೊಡುತ್ತಾರೆ. ಜಿಲ್ಲಾಸ್ಪತ್ರೆಯ ಚೀಟಿಯನ್ನು ಜೋಪಾನ ಮಾಡಿ, ಅದಿಲ್ಲದೆ ಕಾರ್ಡ್ ನಡೆಯುವುದು ಕಷ್ಟ.

ಹೊರಡುವ ಮುಂಚೆ ಡಾಕ್ಟರಿಗೆ ಮೂರು ಮಾತು ಕೇಳಿ, ಅವರ ಕೈಯಲ್ಲೇ ಬರೆಸಿಕೊಳ್ಳಿ. ಮುಂದಿನ ಪರೀಕ್ಷೆ ಯಾವಾಗ? ರಿಪೋರ್ಟ್ ಎಷ್ಟಿದ್ದರೆ ತುಮಕೂರಿನ ಡಾಕ್ಟರೇ ನೋಡಿಕೊಳ್ಳಬಹುದು? ಏನಾದರೆ ಕಾಯದೆ ವಾಪಸ್ ಬರಬೇಕು? ಈ ಮೂರು ಗೊತ್ತಿದ್ದರೆ ಸುಮ್ನೆ ಬೆಂಗಳೂರಿಗೆ ಅಲೆಯುವುದು ತಪ್ಪುತ್ತದೆ, ಹೋಗಬೇಕಾದಾಗ ಹೋಗದೆ ಕೂರುವುದೂ ತಪ್ಪುತ್ತದೆ.

ಪ್ರಶ್ನೆ: ಮೊಮ್ಮಗು ಹುಟ್ಟಿದ ಮೂರನೇ ದಿನ ಹಿಮ್ಮಡಿಯಿಂದ ರಕ್ತ ತೆಗೆದರು. ಈಗ ಥೈರಾಯ್ಡ್ ಸರಿಯಿಲ್ಲ, ಮತ್ತೆ ಬನ್ನಿ ಅಂತ ಫೋನ್ ಮಾಡಿದ್ದಾರೆ. ಮಗು ಚೆನ್ನಾಗಿ ಹಾಲು ಕುಡಿಯುತ್ತಿದೆ. ಹನ್ನೊಂದನೇ ದಿನದ ಶಾಸ್ತ್ರ ಮುಗಿಸಿ ಹೋಗಬಹುದಾ?
— ಅಜ್ಜಿ, ಬಂಗಾರಪೇಟೆ

ಬೇಡಮ್ಮ, ನಾಳೆ ಬೆಳಿಗ್ಗೆಯೇ ಹೋಗಿ. ಹುಟ್ಟಿದಾಗ ಥೈರಾಯ್ಡ್ ಕಡಿಮೆ ಇರುವ ಮಕ್ಕಳು ಮೊದಲ ವಾರಗಳಲ್ಲಿ ನೋಡಲು ಚೆನ್ನಾಗಿಯೇ ಇರುತ್ತಾರೆ. ಹಿಮ್ಮಡಿಯ ರಕ್ತ ನೋಡುವುದೇ ಅದಕ್ಕೆ. ಮಿದುಳು ಬೆಳೆಯುವ ಕಾಲ ಇದು. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಮಗು ಬೇರೆ ಮಕ್ಕಳ ಹಾಗೇ ಓದಿ ಬರೆದು ಬೆಳೆಯುತ್ತದೆ. ತಡವಾದಷ್ಟೂ ಬುದ್ಧಿ ಬೆಳವಣಿಗೆಗೆ ಆಗುವ ನಷ್ಟ ಆಮೇಲೆ ತುಂಬಿ ಬರುವುದಿಲ್ಲ. ಎರಡನೇ ಪರೀಕ್ಷೆಯಲ್ಲಿ ಸರಿ ಇದ್ದರೆ ಸಂತೋಷವಾಗಿ ವಾಪಸ್ ಬಂದು ಶಾಸ್ತ್ರ ಮಾಡಿ.

ಮಾತ್ರೆ ಕೊಟ್ಟರೆ ಅದನ್ನು ಪುಡಿ ಮಾಡಿ ಒಂದು ಚಮಚ ಎದೆಹಾಲಿನಲ್ಲಿ ಕಲಸಿ ಆಗಲೇ ಕುಡಿಸಿ. ಬಾಟಲಿಯ ಹಾಲಿಗೆ ಹಾಕಿದರೆ ಮಗು ಪೂರ್ತಿ ಕುಡಿಯದೆ ಡೋಸ್ ತಪ್ಪುತ್ತದೆ. ಮೊದಲ ತಿಂಗಳುಗಳಲ್ಲಿ ರಕ್ತವನ್ನು ಮತ್ತೆ ಮತ್ತೆ ನೋಡುತ್ತಾರೆ, ಎಷ್ಟು ಸಲ ಕರೆದರೂ ತಪ್ಪಿಸಬೇಡಿ. ಕೆಲವು ಮಕ್ಕಳಿಗೆ ಇದು ಕೆಲ ಕಾಲದ್ದು ಮಾತ್ರ. ಅದನ್ನು ತಿಳಿಯಲು ಮೂರು ವರ್ಷ ತುಂಬಿದ ಮೇಲೆ ಡಾಕ್ಟರೇ ಮಾತ್ರೆ ನಿಲ್ಲಿಸಿ ನೋಡುತ್ತಾರೆ. ಅಲ್ಲಿಯವರೆಗೆ ಮಗು ಎಷ್ಟೇ ಚುರುಕಾಗಿದ್ದರೂ ಮನೆಯಲ್ಲಿ ಯಾರೂ ನಿಲ್ಲಿಸಬಾರದು.